ಮೊಸರು ಹೆಪ್ಪಾಗುತ್ತಿದ್ದ ಮೂಲೆ

ಫ್ರಿಜ್ ಮತ್ತೆ ನಿಂತಾಗ ನಾವು ಯಲಬುರ್ಗಾದಾಚೆ ಎರೆಹೊಲದ ಬದಿಗೆ, ಒಂದು ಬೇವಿನ ಮರದ ಕೆಳಗೆ ಗಾಡಿ ಹಚ್ಚಿದ್ದೆವು. ಹೊರಗೆ ಕಡಲೆ ಕಟಾವಿನ ಮಷೀನು ಧೂಳೆಬ್ಬಿಸುತ್ತ ಹೋಗಿ ಬರುತ್ತಿತ್ತು. ಒಳಗೆ ಫ್ರಿಜ್ ಒಮ್ಮೆ ನಡುಗಿ, ಟಕ್ ಎಂದು ಸುಮ್ಮನಾಯಿತು. ಅದರ ಮುಖದ ಮೇಲಿನ ಕೆಂಪು ಚುಕ್ಕೆ ಮಿಣುಕತೊಡಗಿತು. ಕರೆಂಟು ಸಾಲುತ್ತಿಲ್ಲ ಎಂದು ಅದರರ್ಥ.

"ಸತ್ತತು ನೋಡು," ಎಂದಳು ಅತ್ತೆ. ಅಂದವಳೇ ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡಳು.

ಅವ್ವ ಹೋದ ಮೇಲೆ ನನ್ನೆದುರು ಯಾರೂ ಆ ಮಾತು ಆಡುತ್ತಿರಲಿಲ್ಲ. ಫೋನು ಆರಿದರೂ "ಮಲಗೇತಿ" ಅನ್ನುತ್ತಿದ್ದರು. ನನಗೇನೂ ಅನಿಸಲಿಲ್ಲ. ಅನಿಸಲಿಲ್ಲ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲವಾದ್ದರಿಂದ ಹೇಳುವುದನ್ನು ಬಿಟ್ಟಿದ್ದೆ.

ಗಾಡಿಯ ಬಗ್ಗೆ ಹೇಳಬೇಕು. ಅದು ಮೊದಲು ಯಾವುದೋ ಸಾಲೆಯ ಮಕ್ಕಳನ್ನು ಹೊರುತ್ತಿದ್ದ ಮಿನಿಬಸ್ಸು. ಮಾಮಾ, ಅಂದರೆ ಅವ್ವನ ತಮ್ಮ, ಅದರ ಸೀಟು ಕಿತ್ತು ಎರಡು ಹಲಗೆ ಮಂಚ, ಒಂದು ಒಲೆಕಟ್ಟೆ, ಫ್ಯಾನು, ಪುಟ್ಟ ಫ್ರಿಜ್ ಕೂಡಿಸಿದ್ದ. ಇವೆಲ್ಲ ನಡೆಯುವುದಕ್ಕೆ ಮಂಚದ ಕೆಳಗೊಂದು ಬೇರೆ ಬ್ಯಾಟರಿ. ಗಾಡಿ ಓಡುವಾಗ ಅದು ತುಂಬಿಕೊಳ್ಳಬೇಕು, ನಿಂತಾಗ ಮನೆ ನಡೆಸಬೇಕು. ಕಟಾವು ಮಷೀನು ಮಾಮಾನದಲ್ಲ. ಅದರ ಮುಂದೆ ಮುಂದೆ ಹೋಗಿ ಹೊಲ ಹಿಡಿಯುವುದು, ಅದರ ಡ್ರೈವರುಗಳ ಊಟ ನೋಡುವುದು ಅವನ ಕೆಲಸ. ಕಾರಟಗಿ, ಗಂಗಾವತಿಯ ಕಡೆ ಭತ್ತ ಮುಗಿಸಿಕೊಂಡು ಮಷೀನು ಯಲಬುರ್ಗಾದ ಕಡಲೆಗೆ ಬರುತ್ತದೆ, ಆಮೇಲೆ ಕುಷ್ಟಗಿ. ಅದರ ಹಿಂದೆ ಈ ಮನೆಯೂ ಬರುತ್ತದೆ.

ಅಡಿಗೆ ಮಾಮಾನ ಹೆಂಡತಿ, ನನ್ನ ಅತ್ತೆಯದು. ಊರಿನ ಕೂಡುಮನೆಯಲ್ಲಿ ಒಲೆ ಅವಳ ನೆಗೆಣ್ಣಿಯ ಕೈಯಲ್ಲಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಬಂದ ಮೇಲಂತೂ ಅವಳನ್ನು ಪಡಸಾಲೆಯಲ್ಲಿ ಕೂಡಿಸಿ, "ನೀ ಆರಾಮ ಕುಂದರಕ್ಕ" ಎಂದು ಅಳತೆ ಮಾಡಿದ ಒಂದೂವರೆ ರೊಟ್ಟಿ ತಂದಿಡುತ್ತಿದ್ದರು. ಈ ಗಾಡಿಯಲ್ಲಿ ಮಾತ್ರ ಒಲೆ ಅವಳದು, ಡಬ್ಬಿಗಳು ಅವಳವು, ಉಪ್ಪು ಎಷ್ಟು ಎಂದು ಹೇಳುವವಳು ಅವಳು. ಆದರೆ ಅವಳ ಇನ್ಸುಲಿನ್ ಸೀಸೆಗಳು ತಣ್ಣಗಿರಬೇಕಿತ್ತು. ಕಾರಟಗಿಯಲ್ಲಿರುವಾಗಲೇ ಫ್ರಿಜ್ ಕೈಕೊಡಲು ಶುರುವಿಟ್ಟುಕೊಂಡಿತ್ತು. ಮಾಮಾ ಹಳೇ ಬ್ಯಾಟರಿ ಕೊಟ್ಟು ಹೊಸದು ತಂದ. ಹೊಸದೂ ಹಾಗೇ ಮಾಡಿತು.

ಆ ದಿನ ಅವನು ಬಾಗಿಲಲ್ಲಿ ನಿಂತು ಕೆಂಪು ಚುಕ್ಕೆ ನೋಡಿ ಅತ್ತೆಗೆ ಹೇಳಿದ.

"ಇದು ಸರಿ ಆತು ಅಂದ್ರ ಸರಿ. ಇಲ್ಲಾಂದ್ರ ಸಂತಿ ಆದ ಮರುದಿನ ನಿನ್ನ ಬಸ್ ಹತ್ತಸ್ತೀನಿ. ಮನ್ಯಾಗ ದೊಡ್ಡ ಫ್ರಿಜ್ ಐತಿ."

"ಮಡಿಕ್ಯಾಗ ಹಸಿ ಅರಿವಿ ಸುತ್ತಿ ಇಡ್ತೀನ್ರಿ. ನಮ್ಮವ್ವ ಬೆಣ್ಣಿ ಹಂಗ ಇಡ್ತಿದ್ಲು."

"ಬೆಣ್ಣಿ ಕೆಟ್ರ ತುಪ್ಪ ಕಾಸಬಹುದು. ಇದು ಕೆಟ್ರ ಏನ್ ಕಾಸ್ತೀಬೇ?"

ಮಾಮಾ ನನ್ನತ್ತ ತಿರುಗಿದ. "ಏನ್ ವಕೀಲವ್ವಾ, ಅಷ್ಟು ಕಪ್ ಗೆದ್ದೀಯಲ್ಲ ಮಾತಾಡಿ ಮಾತಾಡಿ, ಇದಕ್ಕೊಂದ್ ಏನರ ಹೇಳು."

ಕಪ್ಪುಗಳ ಮಾತು ಸುಳ್ಳಲ್ಲ. ಕೊಪ್ಪಳದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಎದುರಿನವರ ಮಾತಿನಲ್ಲಿ ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ಹುಡುಕುವುದು ಎಷ್ಟು ರೂಢಿಯಾಗಿತ್ತೆಂದರೆ, ದಸರೆ ಕಳೆದ ಮೇಲೆ ಅವ್ವ ತೀರಿಕೊಂಡಾಗಲೂ ಅದು ನಿಲ್ಲಲಿಲ್ಲ. ಜ್ವರ ಬಂತು, ಗಂಗಾವತಿಗೆ ಕರೆದುಕೊಂಡು ಹೋದೆವು, ಬರುವಾಗ ಅವಳು ಮಾತಾಡಲಿಲ್ಲ. ಮಾತಾಡಿಸಲು ಬಂದ ಹಿರಿಯರೊಬ್ಬರು ಋಣ ತೀರಿತು ಎಂದರು. ಯಾರ ಋಣ, ಯಾರಿಗೆ, ಒಪ್ಪಂದ ಯಾವಾಗ ಆಗಿತ್ತು ಎಂದು ನಾನು ಕೇಳಿದೆ. ಅವರು ಚಹದ ಕಪ್ಪು ಕೆಳಗಿಟ್ಟು ಎದ್ದು ಹೋದರು. ಉಳಿದವರು ದುಃಖಕ್ಕೆ ಹೀಗೆ ಮಾತಾಡುತ್ತಾಳೆ ಎಂದರು. ಅದೂ ತಪ್ಪು. ದುಃಖ ಎಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ವಾದ ಮಾತ್ರ, ಒಡೆಯನಿಲ್ಲದ ಬಂಡಿಯ ಎತ್ತಿನಂತೆ, ಗೊತ್ತಿದ್ದ ದಾರಿಯಲ್ಲಿ ತಾನೇ ನಡೆಯುತ್ತಿತ್ತು. ಅಪ್ಪ ಮೊದಲೇ ಇರಲಿಲ್ಲ. ಮಾಮಾ ನಮ್ಮ ಮನೆಗೆ ಬೀಗ ಹಾಕಿ ನನ್ನನ್ನು ಗಾಡಿಗೆ ಹತ್ತಿಸಿಕೊಂಡ.

ಹಾಗಾಗಿ ಅವನು ಕೇಳಿದ ಕೂಡಲೇ ನನ್ನ ಬಾಯಿ ತಾನೇ ತೆರೆದುಕೊಂಡಿತು.

"ಹಗಲೂ ರಾತ್ರಿ ಉರಿಯೂದು ಯಾವುದೈತಿ ಇಲ್ಲಿ? ಫ್ಯಾನ್ ಬಂದ್ ಮಾಡ್ತೀವಿ. ಫೋನು ಆಗಾಗ ಹಚ್ತೀವಿ. ಬಂದ್ ಆಗದ್ದು ಒಂದ ಐತಿ."

ಇಬ್ಬರೂ ನಾನು ತೋರಿಸಿದ ಕಡೆ ನೋಡಿದರು. ಡ್ರೈವರ್ ಸೀಟಿನ ಹಿಂದಿನ ತಗಡಿಗೆ ಅವ್ವನ ಫೋಟೊ ಅಂಟಿಸಿತ್ತು. ಅದರ ಮುಂದೆ ದೀಪದ ಕುಡಿಯಂಥ ಕೆಂಪು ಬಲ್ಬು. ಅತ್ತೆ ಹಾಕಿಸಿದ್ದು.

"ಅದ್ಯಾಕಬೇ," ಎಂದ ಮಾಮಾ, ದನಿ ತಗ್ಗಿಸಿ. "ನಿಮ್ಮವ್ವನ ಮುಂದಿನ ದೀಪ ಅದು."

"ಬ್ಯಾಟರಿಗೆ ಅದು ಯಾರ ದೀಪ ಅಂತ ಗೊತ್ತಾಗತೈತೇನ್ ಮಾಮಾ?"

"ಎಷ್ಟ್ ತಿಂದೀತದು, ಸಾಸಿವಿ ಕಾಳಿನಷ್ಟೈತಿ."

"ಸಣ್ಣದ ತಿನ್ನೂದು, ಆದ್ರ ಬಿಡುವಿಲ್ದ ತಿನ್ನೂದು. ದಿನಾ ಒಂದೊಂದ ಕಾಳು ತಿನ್ನೂ ಇಲಿನೂ ಚೀಲ ಖಾಲಿ ಮಾಡತೈತಿ."

ವಾದ ಗಟ್ಟಿಯಾಗಿತ್ತು. ನಾನೇ ಎದ್ದು ಹೋಗಿ ಗುಂಡಿ ಒತ್ತಿದೆ. ಅವ್ವನ ಮುಖ ಸ್ವಲ್ಪ ಹಿಂದೆ ಸರಿದಂತೆ ಕಂಡಿತು, ಬೆಳಕು ಹೋದರೆ ಯಾವ ಫೋಟೊ ಆದರೂ ಹಾಗೇ ಕಾಣುತ್ತದೆ. ಅತ್ತೆ ರೊಟ್ಟಿ ಹಿಟ್ಟಿಗೆ ಕುದಿನೀರು ಸುರಿದು ನಾದತೊಡಗಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಾದಿದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಫ್ರಿಜ್ ನಡುಗಿ, ಟಕ್ ಎಂದಿತು. ದೀಪ ನಿರಪರಾಧಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದನ್ನು ಮತ್ತೆ ಹಚ್ಚಲೂ ಇಲ್ಲ.

ಬ್ಯಾಟರಿಯನ್ನು ಬಿಚ್ಚಿ ಮೋಟಾರ್ ಸೈಕಲ್ಲಿನ ಮೇಲೆ ಮಾಮಾನಿಗೂ ನನಗೂ ನಡುವೆ ಇಟ್ಟುಕೊಂಡು ಯಲಬುರ್ಗಾಕ್ಕೆ ಒಯ್ದೆವು. ಬಸ್‌ನಿಲ್ದಾಣದ ಹಿಂದಿನ ಬ್ಯಾಟರಿ ಅಂಗಡಿಯವನು ಅದಕ್ಕೆ ತನ್ನ ಅಳತೆಯ ಚಿಮಟಾ ಹಚ್ಚಿ ನೋಡಿದ.

"ಬ್ಯಾಟರಿ ಹುಲಿ ಐತ್ರಿ ಕಾಕಾ. ಹೊಟ್ಟಿ ಅರ್ಧ ತುಂಬೇತಿ ಅಷ್ಟ. ಗಾಡ್ಯಾಗ ಸರಿಯಾಗಿ ಉಣ್ಣಾಕ ಹಾಕವಲ್ರಿ ನೀವು."

"ಉಣ್ಣಾಕ ಹಾಕೂದು ಇಂಜಿನ್ನು, ನಾ ಅಲ್ಲ," ಎಂದ ಮಾಮಾ.

"ಹಂಗಾರ ಇಂಜಿನ್ನಿಗೆ ಬಯ್ರಿ. ಬ್ಯಾಟರಿ ಮ್ಯಾಲ ಯಾಕ ಸಿಟ್ಟು?"

"ಬೈದ್ರ ಸರಿ ಹೋಗೂದಿದ್ರ ಈ ಗಾಡಿ ಇಷ್ಟೊತ್ತಿಗೆ ವಿಮಾನ ಆಗಿರ್ತಿತ್ತು," ಎಂದೆ ನಾನು.

ಅಂಗಡಿಯವನು ನಕ್ಕ. ಮಾಮಾ ನನ್ನ ಮುಖ ನೋಡಿದ. ನಾನೂ ನಗುತ್ತೇನೇನೋ ಎಂದು ನೋಡಿದ್ದಿರಬೇಕು.

ಬ್ಯಾಟರಿ ತುಂಬಿಸಿಕೊಂಡು, ಫ್ರಿಜ್ಜಿಗೆ ಹೋಗುವ ಕೆಂಪು ವೈರು ಹೊಸದು ತೆಗೆದುಕೊಂಡು, ಅಂಗಡಿಯವನ ಹಳೇ ಮೀಟರನ್ನು ಕಡ ತಂದೆವು. ವೈರು ಬದಲಾಯಿಸಿದೆವು. ಬೆಳಿಗ್ಗೆ ಚೆನ್ನಾಗಿತ್ತು. ಮಧ್ಯಾಹ್ನ ಮತ್ತೆ ಕೆಂಪು ಚುಕ್ಕೆ. ನಾನು ಮೀಟರ್ ಹಿಡಿದೆ. ಬ್ಯಾಟರಿಯ ಎರಡು ಕಿವಿಗಳ ಮೇಲೆ ಹಿಡಿದರೆ ಅಂಕಿ ತುಂಬಿಕೊಂಡೇ ಇದೆ. ಫ್ರಿಜ್ಜಿನ ಬಾಯಲ್ಲಿ ಹಿಡಿದರೆ ಇಳಿದುಹೋಗಿದೆ. ಹೊರಟದ್ದು ಪೂರ್ತಿ, ತಲುಪಿದ್ದು ಕಡಿಮೆ. ನಡುವೆ ಯಾರೋ ತಿನ್ನುತ್ತಿದ್ದಾರೆ. ಆದರೆ ನಡುವಿನ ವೈರು ಈಗಷ್ಟೇ ಹೊಸದು.

ಊಟಕ್ಕೆ ಕೂತಾಗ ನಾನು ಇನ್ನೊಂದು ಕಡೆಯಿಂದ ಹೋದೆ.

"ಬ್ಯಾಸಿಗ್ಯಾಗ ಈ ಫ್ರಿಜ್ ಹೆಂಗಿತ್ತು?"

"ಮಸ್ತ್ ಇತ್ತು," ಎಂದ ಮಾಮಾ. "ಮಜ್ಜಿಗಿ ಕಲ್ಲಾಗ್ತಿತ್ತು."

"ಕೆಟ್ಟದ್ದು ಯಾವಾಗಿಂದ?"

"ದಸರಾ ಆದ ಮ್ಯಾಲ ಗಾಡಿ ಹೊರಗ ತಗದ್ವಿ ನೋಡು, ಆವಾಗಿಂದ."

"ಅಂದ್ರ ದಸರಾಕ್ಕ ಏನೋ ಬದಲಾಗೇತಿ. ವಿಚಾರ ಮಾಡಿ ಹೇಳ್ರಿ. ದಸರಾ ಆದ ಮ್ಯಾಲ ಏನ್ ಬದಲಾತು?"

ರೊಟ್ಟಿ ಮುರಿಯುವ ಸದ್ದು ನಿಂತಿತು. ಮಾಮಾ ತಟ್ಟೆಯಲ್ಲಿದ್ದ ಪುಂಡಿಪಲ್ಯವನ್ನೇ ನೋಡುತ್ತ ಕೂತ. ಅತ್ತೆ ಸೆರಗಿನಿಂದ ಮೂಗು ಒತ್ತಿಕೊಂಡಳು. ನಾನು ಉತ್ತರಕ್ಕೆ ಕಾಯುತ್ತಿದ್ದೆ, ಕೈಯಲ್ಲಿ ಹಸಿಮೆಣಸಿನಕಾಯಿ ಹಿಡಿದುಕೊಂಡು. ಯಾಕೆ ಯಾರೂ ಮಾತಾಡುತ್ತಿಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೂ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ಬೇಕಾದ ಜಾಗ ಬೇರೆ ಇತ್ತು, ಅಷ್ಟೇ.

"ಗಾಡ್ಯಾಗ," ಎಂದೆ. "ಗಾಡ್ಯಾಗ ಏನ್ ಬದಲಾತು ಅಂತ ಕೇಳಿದ್ನಿ."

"ಏನೂ ಇಲ್ಲವ್ವ," ಎಂದ ಮಾಮಾ. ಎದ್ದು ಹೋಗಿ ಕೈ ತೊಳೆದ. ಅಲ್ಲಿಂದಲೇ, ನಮ್ಮತ್ತ ಬೆನ್ನು ಮಾಡಿ, "ನಾಳಿ ಮುಂಜಾನಿ ಬಸ್ಸಿಗೆ ತಯ್ಯಾರಾಗು. ಗಂಗಾವತಿತನಕ ಈಕಿ ಬರ್ತಾಳ ನಿನ್ನ ಜೋಡಿ," ಎಂದ.

ಅತ್ತೆ ಜಗಳಾಡಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು. ಅವಳ ಪರವಾಗಿ ಹೇಳಲು ಎಷ್ಟೋ ಇತ್ತು. ತೆರೆಯದ ಸೀಸೆಗಳನ್ನು ಮಾತ್ರ ಊರ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿಡಬಹುದು, ಅಗತ್ಯ ಬಿದ್ದಾಗ ತರಬಹುದು ಅಂದೆ. ಅವ್ವನನ್ನು ಆಸ್ಪತ್ರೆಗೆ ಒಯ್ದವನು ಮಾಮಾನೇ. "ಇನ್ನೊಂದ್ ದಿನ ನೋಡೂಣು ಅಂದ್ನಿ, ಅಕ್ಕಗ ಜ್ವರ ಬಂದಾಗ," ಎಂದ. ಅದು ನನ್ನ ಮಾತಿಗೆ ಉತ್ತರವಲ್ಲ. ಆದರೆ ಆ ಮಾತಿನ ಹೊಲಿಗೆ ಬಿಚ್ಚಲು ನಾನು ಕೈ ಹಾಕಲಿಲ್ಲ.

ಬೆಳಿಗ್ಗೆ ಅತ್ತೆ ತನ್ನ ಡಬ್ಬಿಗಳನ್ನು ಒಂದೊಂದೇ ಮುಚ್ಚಿಟ್ಟಳು. ಶೇಂಗಾ ಹಿಂಡಿ ಎಲ್ಲಿದೆ, ಗುರೆಳ್ಳು ಎಲ್ಲಿದೆ ಎಂದು ಮಾಮಾನಿಗೆ ತೋರಿಸಿದಳು. ಅವನು ತಲೆಯಾಡಿಸಿದ, ಒಂದೂ ನೆನಪಿಟ್ಟುಕೊಳ್ಳುವವನಂತೆ ಕಾಣಲಿಲ್ಲ. ಕೊನೆಗೆ ಅವಳು ಮಂಚದ ಕೆಳಗೆ ಬಗ್ಗಿ ಬ್ಯಾಟರಿಯ ಮಗ್ಗುಲಿನಿಂದ ಮೊಸರಿನ ಗಡಿಗೆ ಎಳೆದು ನನ್ನ ಕೈಗಿಟ್ಟಳು.

"ಇದನ್ನ ಡ್ರೈವರ್ ಹುಡುಗ್ರಿಗೆ ಕೊಟ್ಟು ಬಾ. ಚಂದ ಹೆಪ್ಪಾಗೇತಿ."

ಗಡಿಗೆಯ ಒಂದು ಮಗ್ಗುಲು ಬೆಚ್ಚಗಿತ್ತು.

"ಇದನ್ನ ಅಲ್ಯಾಕ ಇಟ್ಟಿದ್ಯತ್ತಿ?"

"ಈ ಥಂಡ್ಯಾಗ ಮತ್ತೆಲ್ಲಿ ಹೆಪ್ಪಾಗತೈತವ್ವ? ಆ ಮೂಲಿ ಒಂದ ಬೆಚ್ಚಗಿರೂದು. ಭತ್ತದ ಸೀಮ್ಯಾಗಿದ್ದಾಗಿಂದ ಅಲ್ಲೇ ಇಡ್ತೀನಿ."

"ಇಂಜಿನ್ ಮುಂದೈತಿ. ಒಲಿ ಆ ಕಡಿ ಐತಿ. ಆ ಮೂಲಿಗೆ ಬೆಂಕಿ ಎಲ್ಲಿಂದ ಬಂತು?"

"ನನಗೇನ್ ಗೊತ್ತು? ಬೆಚ್ಚಗೈತಿ, ಇಟ್ಟೀನಿ. ಬೆಚ್ಚಗಿರಾಕೂ ನಿನ್ನ ಕಡೆ ಅಪ್ಪಣಿ ತಗೋಬೇಕೇನ?"

ನಾನು ಗಡಿಗೆ ಕೆಳಗಿಟ್ಟು ಮಂಚದಡಿಗೆ ಕೈಹಾಕಿದೆ. ಬ್ಯಾಟರಿ ತಣ್ಣಗಿತ್ತು. ತಗಡು ತಣ್ಣಗಿತ್ತು. ಕೈ ಸರಿಸುತ್ತ ಹೋದಂತೆ ಒಂದು ಕಡೆ ಬೆಚ್ಚಗಾಯಿತು, ಮುಂದೆ ಬಿಸಿಯಾಯಿತು, ಕೊನೆಗೆ ಒಂದು ಬೋಲ್ಟಿನ ತಲೆ ಬೆರಳನ್ನು ಹಿಂದಕ್ಕೆ ಎಳೆಯುವಂತೆ ಮಾಡಿತು. ಬ್ಯಾಟರಿಯ ಕಪ್ಪು ವೈರು ಬಂದು ಗಾಡಿಯ ಕಬ್ಬಿಣದ ಚೌಕಟ್ಟಿಗೆ ಕಚ್ಚಿಕೊಂಡಿದ್ದ ಬೋಲ್ಟು ಅದು. ಕೆಂಪು ವೈರಿನಲ್ಲಿ ಹೋದ ಕರೆಂಟು ಗಾಡಿಯ ಕಬ್ಬಿಣದ ಮೈಯಲ್ಲಿ ಹಾದು ಈ ಬೋಲ್ಟಿನಿಂದಲೇ ಬ್ಯಾಟರಿಗೆ ಮರಳಬೇಕು; ಇಂಜಿನ್ನು ಬ್ಯಾಟರಿ ತುಂಬುವುದಕ್ಕೂ ಇದೇ ದಾರಿ. ನಾವು ಹೋಗುವ ದಾರಿಯನ್ನು ಮಾತ್ರ ನೋಡಿದ್ದೆವು. ಬರುವ ದಾರಿಯನ್ನು ಯಾರೂ ನೋಡಿರಲಿಲ್ಲ.

"ಮಾಮಾ, ಪಾನಾ ಕೊಡು."

"ಬಸ್ಸಿನ ಹೊತ್ತಾತವ್ವ."

"ಬಸ್ ನಿಲ್ಲೂದು ಕೈ ಮಾಡಿದ್ರ. ಪಾನಾ ಕೊಡು."

ಬ್ಯಾಟರಿಯ ಕಿವಿ ಕಳಚಿ, ಬೋಲ್ಟು ತಿರುಗಿಸಿ ತೆಗೆದೆ. ವೈರಿನ ತುದಿಯ ಉಂಗುರದ ಕೆಳಗೆ ಹೊಳೆಯುವ ಕಬ್ಬಿಣ ಇರಬೇಕಿತ್ತು. ಅಲ್ಲಿ ಹಸಿರು ಬಣ್ಣವಿತ್ತು, ದಪ್ಪಗೆ, ಎರಡು ಕೈ ಬಳಿದದ್ದು. ಅಂಚಿನಲ್ಲಿ ಸುಟ್ಟು ಕಂದಾಗಿತ್ತು. ಅದರ ಮೇಲೆ ಕುಂಕುಮದ ಬೊಟ್ಟು ಇನ್ನೂ ಇತ್ತು.

ಮಾಮಾ ಬಗ್ಗಿ ನೋಡಿದ. ನೋಡುತ್ತಿದ್ದಂತೆ ಅವನ ಮುಖಕ್ಕೆ ಏನೋ ನೆನಪು ಬಂತು.

"ಖಂಡೇಪೂಜಿಗೆ ಬಳದಿದ್ನಿ," ಎಂದ.

ನಮ್ಮ ಕಡೆ ಮಹಾನವಮಿಗೆ ಮನೆಯ ಕಬ್ಬಿಣವೆಲ್ಲ ಬೆಳಗಬೇಕು. ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ತೊಳೆದು, ಬಳಿದು, ಬೊಟ್ಟಿಟ್ಟು ಸಾಲಾಗಿ ನಿಲ್ಲಿಸುತ್ತಾರೆ. ಮಾಮಾ ಯಾವ ಕೆಲಸವನ್ನೂ ಅರ್ಧ ಮಾಡುವವನಲ್ಲ. ಮಂಚ ಕಿತ್ತು, ವೈರು ಬಿಚ್ಚಿ, ಚೌಕಟ್ಟಿಗೆಲ್ಲ ಬಣ್ಣ ಬಳಿದು, ಒಣಗಿದ ಮೇಲೆ ವೈರನ್ನು ಬಣ್ಣದ ಮೇಲೆಯೇ ಕಚ್ಚಿಸಿದ್ದ.

"ಇಷ್ಟು ಜಾಗಾ ಬಿಟ್ಟು ಬಳೀಬೇಕಿತ್ತು. ಬಣ್ಣ ಕರೆಂಟಿಗೆ ಅಡ್ಡ," ಎಂದೆ.

"ಬೋಳು ಕಬ್ಬಿಣ ದೇವಿ ಮುಂದ ಇಡಬಾರದು ಅಂತಿದ್ಲು ನಮ್ಮವ್ವ. ತುಕ್ಕಿನ ಚುಕ್ಕಿ ಸೈತ ಕಾಣಬಾರದು ಅಂತಿದ್ಲು."

"ದೇವಿಗೆ ಕಾಣಲಿಲ್ಲ ಬಿಡು. ಕರೆಂಟಿಗೂ ಕಾಣಲಿಲ್ಲ."

"ಬಂತು ನೋಡು ದೇವಿ ಮ್ಯಾಲ," ಎಂದಳು ಅತ್ತೆ. "ಬಳದವ್ರು ಇವ್ರು. ಬ್ರಶ್ ಏನ್ ದೇವಿ ಹಿಡಕೊಂಡಿದ್ಲೇನು?"

"ಬಳಿ ಅಂತ ಯಾರ್ ಹೇಳಿದ್ರತ್ತಿ?"

"ಬಳಿ ಅಂದ್ಲು ದೇವಿ. ವೈರಿನ ಬುಡಕ್ಕ ಬಳಿ ಅಂದಿಲ್ಲ."

ನನ್ನ ಹತ್ತಿರ ಇದಕ್ಕೆ ಉತ್ತರವಿತ್ತು. ಮೈದಾನ ಸಿಕ್ಕಿದ್ದರೆ ಇಬ್ಬರನ್ನೂ ಕೂಡಿಸಿ ಸೋಲಿಸಬಹುದಿತ್ತು. ಆದರೆ ಹಾಗೆ ನೋಡಿದರೆ ನಾನು ಈ ಮೊದಲೇ ದೀಪದ ಮೇಲೆ ಗೆದ್ದಿದ್ದೆ, ಮತ್ತು ಆ ಗೆಲುವಿನಿಂದ ಫ್ರಿಜ್ಜು ಒಂದು ಗಳಿಗೆಯೂ ಹೆಚ್ಚು ನಡೆದಿರಲಿಲ್ಲ. ಪಾಲಿಷ್ ಕಾಗದ ಕೇಳಿದೆ. ಮಾಮಾ ತಾನೇ ಮೊಣಕಾಲೂರಿ ಕೂತು ಉಜ್ಜಿದ. ಹಸಿರು ಹೋಯಿತು, ಅದರ ಕೆಳಗೆ ಹಿಂದಿನ ವರ್ಷದ ನೀಲಿ ಬರಲಿಲ್ಲ, ನೇರ ಕಬ್ಬಿಣವೇ ಬಂತು. ಹಿಂದಿನ ವರ್ಷ ವೈರು ಬಿಚ್ಚದೆ ಸುತ್ತಲೂ ಬಳಿದಿದ್ದನಂತೆ. ಈ ವರ್ಷ ಹೆಚ್ಚು ಶ್ರದ್ಧೆಯಿಂದ ಮಾಡಿದ್ದ. ಅಕ್ಕ ಹಬ್ಬಕ್ಕೆ ಬರುತ್ತೇನೆ ಅಂದಿದ್ದಳು, ಗಾಡಿ ನೋಡುತ್ತೇನೆ ಅಂದಿದ್ದಳು, ಎಂದ. ಬಂದಿದ್ದಳು. ನಾನೂ ಬಂದಿದ್ದೆ. ಅವ್ವ ಈ ಮಂಚದ ಮೇಲೆ ಕೂತು, "ಹೊಚ್ಚ ಹೊಸಾ ಗಾಡಿ ಆಗೇತಲ್ಲೋ ತಮ್ಮಾ" ಎಂದಿದ್ದಳು. ನನಗೆ ಆ ಮಾತು ನೆನಪಿತ್ತು. ಅದನ್ನು ಹೇಳಿದ ಮುಖ ನೆನಪಾಗಲಿಲ್ಲ.

ಬೋಲ್ಟು ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿ, ಬ್ಯಾಟರಿಯ ಕಿವಿ ಹಚ್ಚಿದೆವು. ಫ್ರಿಜ್ ಗುರ್ರೆಂದಿತು. ಮೀಟರನ್ನು ಅದರ ಬಾಯಿಗಿಟ್ಟೆ. ಬ್ಯಾಟರಿಯ ಹತ್ತಿರ ಎಷ್ಟೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅಷ್ಟರಲ್ಲಿ ರಸ್ತೆಯ ಮೇಲೆ ಬಸ್ಸು ಬಂತು. ಅತ್ತೆಯ ಚೀಲ ಬಾಗಿಲಲ್ಲೇ ಇತ್ತು. ಮಾಮಾ ಬಸ್ಸನ್ನು ನೋಡಿದ, ಫ್ರಿಜ್ಜನ್ನು ನೋಡಿದ, ಕೈ ಎತ್ತಲಿಲ್ಲ. ಬಸ್ಸು ವೇಗ ಇಳಿಸಿ, ಯಾರೂ ಹತ್ತುವವರಿಲ್ಲವೆಂದು ಕಂಡು, ಒಮ್ಮೆ ಹಾರ್ನ್ ಬಾರಿಸಿ ಹೋಯಿತು.

"ಇವತ್ತೊಂದಿನ ನೋಡೂಣು," ಎಂದ ಮಾಮಾ. ಅಂದವನು ಒಂದು ಗಳಿಗೆ ಹಾಗೇ ನಿಂತ.

"ನೋಡೂದೇನೈತಿ," ಎಂದಳು ಅತ್ತೆ. ಚೀಲ ಒಳಗೆಳೆದು, ಮುಚ್ಚಿಟ್ಟಿದ್ದ ಡಬ್ಬಿಗಳನ್ನು ಒಂದೊಂದೇ ತೆಗೆಯತೊಡಗಿದಳು.

ಮಧ್ಯಾಹ್ನ ಕಳೆಯಿತು. ಚುಕ್ಕೆ ಹಸಿರಾಗಿಯೇ ಇತ್ತು. ಮಾಮಾ ಹೊಲದಿಂದ ಏನೇನೋ ನೆವ ಮಾಡಿಕೊಂಡು ಬಂದು ಬಂದು ನೋಡಿ ಹೋದ. ಒಮ್ಮೆ ನೀರು ಕುಡಿಯಲು, ಒಮ್ಮೆ ಟವೆಲ್ಲಿಗೆ, ಒಮ್ಮೆ ಸುಮ್ಮನೆ. "ಎಷ್ಟ್ ಸಲ ಬರ್ತೀರಿ, ಫ್ರಿಜ್ಜಿಗೆ ದೃಷ್ಟಿ ಆಗತೈತಿ," ಎಂದು ಅತ್ತೆ ಬೈದಳು. ಸಂಜೆ ಅವಳು ಸೀಸೆ ತೆಗೆದು ಅಂಗೈಯಲ್ಲಿ ಹೊರಳಿಸಿದಳು. ತಣ್ಣಗಿತ್ತು. ಸೂಜಿ ಚುಚ್ಚಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಎಲ್ಲರಿಗಿಂತ ಮೊದಲು ತಾನೇ ಬಡಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳ ಬೈಗುಳಕ್ಕೆ ಎಚ್ಚರವಾಯಿತು.

"ಹಾಳಾದ್ದು, ಹಾಲು ಹಾಲಾಗೇ ಐತಲ್ಲ!"

ರೂಢಿಯಂತೆ ಗಡಿಗೆಯನ್ನು ಅದೇ ಮೂಲೆಯಲ್ಲಿ ಇಟ್ಟಿದ್ದಳು. ನಾನು ಮಂಚದಡಿ ಕೈಹಾಕಿ ಬೋಲ್ಟು ಮುಟ್ಟಿದೆ. ತಣ್ಣಗಿತ್ತು. ಆಸ್ಪತ್ರೆಯಲ್ಲಿ ಮುಟ್ಟು ಎಂದು ಅವ್ವನ ಪಾದ ಮುಟ್ಟಿಸಿದ್ದರು. ಆಗಲೂ ನಾನು ಇಷ್ಟೇ ತಿಳಿದುಕೊಂಡಿದ್ದು, ತಣ್ಣಗಿದೆ ಎಂದು. ಇಲ್ಲಿ ತಣ್ಣಗಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಬೆರಳಿಗೆ ಎರಡೂ ಒಂದೇ.

"ಫ್ರಿಜ್ ಬೇಕೋ, ಮೊಸರು ಬೇಕೋ?" ಎಂದ ಮಾಮಾ ಹೊರಗಿನಿಂದ, ಹಲ್ಲುಜ್ಜುತ್ತ.

"ಎರಡೂ ಬೇಕು. ಯಾಕ ಬರಬಾರದು ಅಂತ ನಿಮ್ಮ ವಕೀಲವ್ವನ್ನ ಕೇಳ್ರಿ."

ಅತ್ತೆ ಗಡಿಗೆಗೆ ಇನ್ನೊಂದು ಚಮಚ ಹೆಪ್ಪು ಹಾಕಿ, ಹಳೇ ಕೌದಿಯಲ್ಲಿ ಸುತ್ತಿ, ಬಿಸಿಲು ಬೀಳುವ ಕಿಟಕಿಯ ಕೆಳಗೆ ಇಟ್ಟಳು. ಆಮೇಲೆ, ನನ್ನತ್ತ ನೋಡದೆ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತ ಕೇಳಿದಳು.

"ಈಗ ಬ್ಯಾಟರಿಗೆ ಭಾರ ಆಗೂದಿಲ್ಲಲ್ಲ, ಆ ದೀಪ?"

"ಆವಾಗೂ ಆಗ್ತಿರ್ಲಿಲ್ಲ," ಎಂದೆ.

"ಹಂಗಾರ ಹಚ್ಚು."

"ನೀನ ಹಚ್ಚತ್ತಿ."

"ನನ್ನ ಕೈ ಹಿಟ್ಟಾಗೇತಿ."

ಅವಳ ಕೈಗೆ ಇನ್ನೂ ಹಿಟ್ಟು ತಾಕಿರಲಿಲ್ಲ. ಎರಡೂ ಕೈ ನನಗೆ ಕಾಣುತ್ತಿದ್ದವು. ಅದನ್ನು ಎತ್ತಿ ತೋರಿಸುವುದು ಸುಲಭವಿತ್ತು. ನಾನು ಎದ್ದು ಡ್ರೈವರ್ ಸೀಟಿನ ಹಿಂದೆ ಹೋಗಿ ಗುಂಡಿ ಒತ್ತಿದೆ. ಕೆಂಪು ಬಲ್ಬು ಹತ್ತಿಕೊಂಡಿತು. ಹಗಲಾದ್ದರಿಂದ ಬೆಳಕು ಹೆಚ್ಚು ಕಾಣಲಿಲ್ಲ. ಹಿಂದೆ ಫ್ರಿಜ್ ನಡೆಯುತ್ತಲೇ ಇತ್ತು. ಅತ್ತೆ ಆಗ ಹಿಟ್ಟಿಗೆ ಕೈ ಹಾಕಿದಳು.